ಕಲ್ಲು ಎಳೆದವರು, ಹಲಗೆ ಬಡಿದವರು

ರಾಯಚೂರಿನಲ್ಲಿ ಇಸ್ಲಾಮಿನ ಚರಿತ್ರೆ ಎಂದಕೂಡಲೆ ನಮ್ಮ ಪಂಡಿತರು 1520ರ ಯುದ್ಧಕ್ಕೆ ಹೋಗಿ ನಿಲ್ಲುತ್ತಾರೆ. ಕೃಷ್ಣದೇವರಾಯ ಗೆದ್ದ, ಇಸ್ಮಾಯಿಲ್ ಆದಿಲ್‌ಶಾಹ ಸೋತ. ಅಂದರೆ ಹಿಂದೂ ಗೆದ್ದ, ಮುಸಲ್ಮಾನ ಸೋತ! ವಿಜಯನಗರದ ದಂಡಿನಲ್ಲಿ ಎರಡನೆಯ ದೇವರಾಯನ ಕಾಲದಿಂದಲೂ ಮುಸ್ಲಿಂ ಸೈನಿಕರಿದ್ದರು, ಈ ಮುತ್ತಿಗೆಯಲ್ಲಿ ಪೋರ್ಚುಗೀಸರ ಬಂದೂಕುಗಳಿದ್ದವು ಎಂಬುದು ಆ ಪಾಠದಲ್ಲಿ ಬರುವುದಿಲ್ಲ. ಕೃಷ್ಣೆ-ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿನ ಕಂದಾಯ ಯಾರ ಬೊಕ್ಕಸಕ್ಕೆ ಎಂಬುದೇ ಅಲ್ಲಿನ ಜಗಳ. ಆ ಕಂದಾಯ ಯಾರ ಬೆವರು?

ಕೋಟೆಯ ಗೋಡೆಯಲ್ಲಿ 40 ಅಡಿಗೂ ಮಿಕ್ಕಿದ ಒಂದು ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ. ಅಲ್ಲೇ, ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳಿಂದ ಎಳೆಸುವ ಚಿತ್ರ. ಕಟ್ಟಿಸಿದವರ ಹೆಸರುಂಟು, ಎಳೆದವರ ಹೆಸರಿಲ್ಲ. ಅದೇ ಊರಿನ ಏಕ್ ಮಿನಾರ್ ಮಸೀದಿ (1513) ಮಹಮೂದ್ ಶಾಹ ಬಹಮನಿಯ ಕಾಲದ್ದೆಂದು ಪಾರಸಿ ಶಾಸನ ಹೇಳುತ್ತದೆ. ಗಾರೆ ಹೊತ್ತವರು ಅಲ್ಲೂ ಕಾಣೆ. ರಾಜರ ಧರ್ಮ ಬದಲಾಯಿತು, ಹೊರುವ ತಲೆ ಬದಲಾಗಲಿಲ್ಲ.

ಹಾಗಾದರೆ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಿಗೆ ಇಸ್ಲಾಂ ಯಾವ ದಾರಿಯಿಂದ ಬಂತು? ಕತ್ತಿಯ ಮಾತಾಡುವವರು ಬೀಸೋ ಕಲ್ಲಿನ ದನಿ ಕೇಳಬೇಕು. ಬಿಜಾಪುರದ ಸೂಫಿಗಳ ಕುರಿತು ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಪುಸ್ತಕ ದಖನಿಯ 'ಚಕ್ಕಿನಾಮಾ'ಗಳನ್ನು ಮುಂದಿಟ್ಟಿತು. ಬೀಸುವ ಹೆಂಗಸರ ಹಾಡಿನೊಳಗೆ ಅಲ್ಲಾ, ಪೈಗಂಬರ, ಪೀರ. ನಮ್ಮ ಅಲಾಯಿ ಹಬ್ಬವೂ ಇಂಥದೇ ದಾರಿ. 680ರಲ್ಲಿ ಕರ್ಬಲಾದ ಬಯಲಲ್ಲಿ ನೀರಿಲ್ಲದೆ ಮಡಿದ ಹುಸೇನ ಇಲ್ಲಿ ಕನ್ನಡದ ರಿವಾಯತ ಪದವಾದ. ಒಂದೂ ಮುಸಲ್ಮಾನರ ಮನೆಯಿಲ್ಲದ ಊರಲ್ಲೂ ಪೀರಲ ದೇವರು ಕುಂದ್ರತಾವ. ಕೆರೆಯ ನೀರಿಗಾಗಿ 1927ರಲ್ಲಿ ಮಹಾಡದಲ್ಲಿ ಹೋರಾಡಬೇಕಾಗಿ ಬಂದ ಜನಕ್ಕೆ ನೀರು ನಿರಾಕರಿಸಿದ ಕತೆಯನ್ನು ಬಿಡಿಸಿ ಹೇಳಬೇಕೆ?

ಇದನ್ನೇ 'ಸೌಹಾರ್ದ' ಎಂದು ಕರೆದು ಕೈತೊಳೆದುಕೊಳ್ಳುವವರಿದ್ದಾರೆ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' (1998) ಈ ಜನಧರ್ಮದ ಕಡೆ ಕನ್ನಡ ವಿಮರ್ಶೆಯ ಕಣ್ಣು ತಿರುಗಿಸಿತು. ಓದಿದವರಲ್ಲಿ ಬಹಳ ಮಂದಿ ಆ ಒಂದು ಮಾತಿಗೇ ತೃಪ್ತರಾದರು. ಸೌಹಾರ್ದ ಬೇಕು, 1992ರ ಡಿಸೆಂಬರ್ ಕಂಡವರಿಗೆ ಬೇಕೇ ಬೇಕು. ಆದರೂ ಕೇಳೋಣ: ಅಲಾಯಿ ಕುಣಿ ಮುಂದ ಹಲಗಿ ಬಡಿಯೋರು ಯಾರು? ಪಂಜಾ ಹೊರೋ ಹಕ್ಕು ಯಾವ ಮನೆತನದ್ದು? ಕತಲ್ ರಾತ್ರಿ ಎಲ್ಲರೂ ಒಂದೇ. ದಫನ ಆದ ಮಾರನೇ ದಿನ ಮಾದಿಗರ ಹುಡುಗ ಊರ ಹೋಟ್ಲಿನ ಒಳಗ ಕುಂತು ಚಹಾ ಕುಡೀಬಹುದಾ? ಸೈಯದರ ಮನೆಯ ಹೆಣ್ಣು ಪಿಂಜಾರರ ಮನೆಗೆ ಸೊಸೆಯಾಗಿ ಬರುತ್ತಾಳಾ? ಪಾಕಿಸ್ತಾನದ ಕುರಿತ ತಮ್ಮ ಪುಸ್ತಕದಲ್ಲಿ (1940) ಅಂಬೇಡ್ಕರರು ಮುಸ್ಲಿಮರೊಳಗಿನ ಜಾತಿಯನ್ನು ಮುಚ್ಚಿಡಲಿಲ್ಲ. ನಾವೇಕೆ ಮುಚ್ಚಿಡಬೇಕು?

ದಂಡಯಾತ್ರೆಯ ಕತೆಯನ್ನೂ ಸೌಹಾರ್ದದ ಕತೆಯನ್ನೂ ಕೇರಿಯ ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನಿಸುವುದು ದಲಿತ ವಿಮರ್ಶೆಯ ಕೆಲಸ. ಗೆಳೆಯರೆ, ಬರುವ ಮೊಹರಮ್ಮಿಗೆ ಹಳ್ಳಿಗೆ ಹೋದರೆ ರಿವಾಯತ ಬರೆದುಕೊಳ್ಳಿ. ಹಲಗೆಯವನ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಕೋಟೆಯ ಕಲ್ಲು ಮಾಡದೆ ಬಿಟ್ಟ ಕೆಲಸ ಅದು.