ಉರುಳುವ ಪೀಪಾಯಿ, ಬೆಳಗುವ ಹಿತ್ತಾಳೆ

ಅಮೆರಿಕದ ಅನೇಕ ಗುರಿಕಾರರು ಹಾರಿಸಿದ ತೋಟಾಗಳ ಹಿತ್ತಾಳೆ ಕವಚವನ್ನು ಎಸೆಯುವುದಿಲ್ಲ. ತೊಳೆದು, ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. ತೊಳೆಯುವ ಯಂತ್ರ, ಅಂದರೆ ಟಂಬ್ಲರ್, ಯಾವುದಿರಬೇಕು? ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಅದುರಿಸುವ ಯಂತ್ರ ಸರಳ, ಒಣಗಿಸುವ ತಾಪತ್ರಯವಿಲ್ಲ. ಆದರೆ ಅದರಿಂದೇಳುವ ಧೂಳಿನಲ್ಲಿ ಸೀಸವಿರುತ್ತದೆ. ನನ್ನ ಮನಸ್ಸು ಉರುಳುವ ಪೀಪಾಯಿಯ ಕಡೆಗೇ. ನೀರು, ಪಾತ್ರೆ ಸೋಪು, ಚೂರು ಸಿಟ್ರಿಕ್ ಆಮ್ಲ, ಜೊತೆಗೆ ಸ್ಟೇನ್‌ಲೆಸ್ ಸ್ಟೀಲಿನ ಪುಟ್ಟ ಕಡ್ಡಿಗಳು. ನಮ್ಮ ಹುಣಸೆಹಣ್ಣು ದೀಪದ ಕಂಬಕ್ಕೆ ಮಾಡುವ ಕೆಲಸವನ್ನೇ ಆ ಆಮ್ಲ ಇಲ್ಲಿ ಮಾಡುತ್ತದೆ. ಮದ್ದಿಗೆ ಕಿಡಿ ಕೊಟ್ಟು ಸುಟ್ಟ ಪ್ರೈಮರನ್ನು ಮೊದಲೇ ತೆಗೆದಿದ್ದರೆ ಅದರ ಗುಳಿಯೊಳಗಿನ ಮಸಿಯನ್ನೂ ಕಡ್ಡಿಗಳು ಕೆರೆದು ತೆಗೆಯುತ್ತವೆ, ಎಂಥ ಅಚ್ಚುಕಟ್ಟು! ಕೊಳ್ಳುವಾಗ ಮುಚ್ಚಳದ ಬಿಗಿ ನೋಡಿ. ರಬ್ಬರಿನ ಒಳಪದರವಿದ್ದರೆ ಸದ್ದೂ ಕಡಿಮೆ. ಮದ್ದು ತುಂಬುವ ಮುನ್ನ ಕವಚದ ಒಳಗೆ ಒಂದು ಕಡ್ಡಿಯೂ ಉಳಿದಿರಬಾರದು, ಒಂದು ಹನಿ ನೀರೂ.