ಕರಡು ಮತ್ತು ಮನೆವಾರ್ತೆ: ಜೇನ್ ಆಸ್ಟಿನ್ ಹಸ್ತಪ್ರತಿಗಳನ್ನು ಕುರಿತು

ಕನ್ನಡದ ಮಹಿಳಾ ಕಾದಂಬರಿಯನ್ನು ಕುರಿತ ಚರ್ಚೆಯಲ್ಲಿ ‘ಅಡುಗೆಮನೆ ಸಾಹಿತ್ಯ’ ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಆ ಮಾತನ್ನು ಹಗುರವಾಗಿ ಬಳಸಿದವರೂ ಅದನ್ನು ಖಂಡಿಸಿದವರೂ ಬಹುಮಟ್ಟಿಗೆ ಒಂದೇ ಗ್ರಹಿಕೆಯಿಂದ ಹೊರಟವರು: ಮನೆಯೆಂಬುದು ಬರವಣಿಗೆಗೆ ಅಡ್ಡಿ, ಅದರಿಂದ ಕದ್ದ ವೇಳೆಯಲ್ಲಷ್ಟೇ ಕಾದಂಬರಿ ಸಾಧ್ಯ. ಮೊದಲಿನವರಿಗೆ ಇದು ಕೃತಿಯ ಕೊರತೆಗೆ ಕಾರಣವಾಗಿ ಕಂಡಿತು, ಎರಡನೆಯವರಿಗೆ ಲೇಖಕಿಯ ಸಾಹಸಕ್ಕೆ ಸಾಕ್ಷಿಯಾಗಿ. ಎರಡು ಪಕ್ಷಗಳಿಗೂ ಅಚ್ಚಾದ ಪುಸ್ತಕವೇ ಆಧಾರವಾಯಿತೇ ಹೊರತು ಅದರ ಹಿಂದಿನ ಕರಡು ಆಗಲಿಲ್ಲ. ಮನೆಯ ಅಡೆತಡೆಗಳ ನಡುವೆ ಕರಡೊಂದು ಮುಂದುವರಿಯುವ ಬಗೆಯನ್ನು ಕರಡಿನಲ್ಲಿಯೇ ಹುಡುಕಬೇಕಷ್ಟೆ. ಈ ದೃಷ್ಟಿಯಿಂದ ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ (1775–1817) ಅವರ ಹಸ್ತಪ್ರತಿಗಳಲ್ಲಿ ಉಳಿದುಬಂದಿರುವಷ್ಟು ಭಾಗ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

ಆಸ್ಟಿನ್ ಬರೆಯುತ್ತಿದ್ದ ರೀತಿಯ ಬಗೆಗೆ ಪ್ರಚಲಿತವಾಗಿರುವ ಚಿತ್ರಕ್ಕೆ ಮೂಲ, ಆಕೆಯ ಅಣ್ಣನ ಮಗ ಜೇಮ್ಸ್ ಎಡ್ವರ್ಡ್ ಆಸ್ಟಿನ್-ಲೀ 1869ರ ಕೊನೆಯಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥ. ಅದರ ಪ್ರಕಾರ ಚಾಟನ್ ಗ್ರಾಮದ ಮನೆಯಲ್ಲಿ ಆಕೆಗೆ ಪ್ರತ್ಯೇಕ ಕೋಣೆಯಿರಲಿಲ್ಲ. ಎಲ್ಲರೂ ಕೂರುವ ಕೋಣೆಯಲ್ಲಿಯೇ, ಯಾರಾದರೂ ಬಂದರೆ ಎತ್ತಿಡಲು ಅಥವಾ ಬ್ಲಾಟಿಂಗ್ ಕಾಗದದಡಿ ಮುಚ್ಚಲು ಬರುವಂಥ ಚಿಕ್ಕ ಹಾಳೆಗಳ ಮೇಲೆ ಬರೆಯುತ್ತಿದ್ದರು. ಕಿರ್ರೆನ್ನುತ್ತಿದ್ದ ಬಾಗಿಲೊಂದನ್ನು ಸರಿಪಡಿಸಲು ಆಕೆ ಒಪ್ಪಲಿಲ್ಲವಂತೆ. ಬರುವವರ ಸುಳಿವನ್ನು ಅದು ಕೊಡುತ್ತಿತ್ತು. ವರ್ಜೀನಿಯಾ ವುಲ್ಫ್ 1929ರ ‘ಎ ರೂಮ್ ಆಫ್ ಒನ್ಸ್ ಓನ್’ ಕೃತಿಯಲ್ಲಿ ಈ ಪ್ರಸಂಗವನ್ನು ಎತ್ತಿಕೊಂಡ ಮೇಲೆ ಆ ಬಾಗಿಲು ಮಹಿಳಾ ಬರವಣಿಗೆಯ ಸಂಕಟಕ್ಕೆ ಸಂಕೇತವೇ ಆಗಿಹೋಯಿತು.

ಅರ್ಧ ಶತಮಾನದ ಅನಂತರ, ವಿಕ್ಟೋರಿಯನ್ ಮರ್ಯಾದೆಯ ಚೌಕಟ್ಟಿನಲ್ಲಿ ಬರೆದ ಈ ಚಿತ್ರವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಮನೆಯವರಿಗೆ ಆಕೆಯ ಬರವಣಿಗೆ ಗುಟ್ಟಾಗಿರಲಿಲ್ಲ. ಕಾದಂಬರಿಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಲಾಗುತ್ತಿತ್ತು. ಕಥೆ ನಿಜವಾಗಿದ್ದರೂ ಅದರ ಅರ್ಥ ವುಲ್ಫ್ ಕಂಡಷ್ಟೇ ಅಲ್ಲ. ಬಾಗಿಲ ಸದ್ದು ಅಡ್ಡಿಯನ್ನು ತಡೆಯುವುದಿಲ್ಲ, ಅಡ್ಡಿ ಬರುತ್ತಿದೆಯೆಂದು ಮುಂಚಿತವಾಗಿ ತಿಳಿಸುತ್ತದೆ. ಹಿಡಿದ ವಾಕ್ಯವನ್ನು ಒಂದು ನೆಲೆಗೆ ತಂದು ಹಾಳೆಯನ್ನು ಸರಿಸುವಷ್ಟು ವ್ಯವಧಾನ ಅದರಿಂದ ದೊರೆಯುತ್ತದೆ. ಬರಹಗಾರ್ತಿ ಬಯಸಿದ್ದು ನಿಶ್ಶಬ್ದವನ್ನಲ್ಲ, ಮುನ್ಸೂಚನೆಯನ್ನು.

ಆಕೆಯ ಬರವಣಿಗೆಯ ಕಾಲಾನುಕ್ರಮ ಇದನ್ನೇ ಸಮರ್ಥಿಸುತ್ತದೆ. ಸ್ಟೀವೆಂಟನ್‌ನ ತಂದೆಯ ಮನೆಯಲ್ಲಿ, 1790ರ ದಶಕದಲ್ಲಿ, ಮೂರು ಕಾದಂಬರಿಗಳ ಮೊದಲ ರೂಪಗಳು ಸಿದ್ಧವಾಗಿದ್ದವು. 1801ರಲ್ಲಿ ತಂದೆ ನಿವೃತ್ತರಾಗಿ ಕುಟುಂಬ ಬಾತ್ ನಗರಕ್ಕೆ ಹೋಯಿತು. 1805ರ ಜನವರಿಯಲ್ಲಿ ತಂದೆ ತೀರಿಕೊಂಡರು. ಬಾಡಿಗೆ ಮನೆಗಳು, ಬಂಧುಗಳ ಮನೆಗಳು, ಸೌತಾಂಪ್ಟನ್ – ಹೀಗೆ ಎಂಟು ವರ್ಷ ಕಳೆದವು. ಈ ಅವಧಿಯಲ್ಲಿ ಕೈಗೆತ್ತಿಕೊಂಡ ‘ದಿ ವಾಟ್ಸನ್ಸ್’ ಅರ್ಧಕ್ಕೆ ನಿಂತಿತು. 1809ರಲ್ಲಿ ಸಹೋದರ ಎಡ್ವರ್ಡ್ ಕೊಟ್ಟ ಚಾಟನ್ ಮನೆಗೆ ಬಂದ ಮೇಲೆ ಸ್ಥಿತಿ ಬದಲಾಯಿತು. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’, 1813ರಲ್ಲಿ ‘ಪ್ರೈಡ್ ಅಂಡ್ ಪ್ರಿಜುಡೀಸ್’ ಹೊರಬಂದವು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’, ‘ಎಮ್ಮಾ’, ‘ಪರ್ಸ್ಯುವೇಶನ್’ ಅಲ್ಲಿಯೇ ಹುಟ್ಟಿದವು. ಚಾಟನ್ ಮನೆಯೇನೂ ಪ್ರಶಾಂತವಾಗಿರಲಿಲ್ಲ. ಅದು ಹೆದ್ದಾರಿಯ ಅಂಚಿನಲ್ಲಿತ್ತು. ಅಣ್ಣತಮ್ಮಂದಿರ ಮಕ್ಕಳು ಬಂದುಹೋಗುತ್ತಿದ್ದರು.

ಕರಡುಗಳ ಭೌತಿಕ ಸ್ವರೂಪವನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ದಿ ವಾಟ್ಸನ್ಸ್’ ಹಸ್ತಪ್ರತಿಯು ಹಾಳೆಗಳನ್ನು ಮಡಿಸಿ ಮಾಡಿಕೊಂಡ ಚಿಕ್ಕ ಪುಸ್ತಿಕೆಗಳ ರೂಪದಲ್ಲಿದೆ. ಪುಟಗಳು ಅಂಚಿನವರೆಗೂ ತುಂಬಿವೆ. ದೊಡ್ಡ ಸೇರ್ಪಡೆ ಬೇಕಾದ ಮೂರು ಕಡೆ ಬೇರೆ ಕಾಗದದ ತುಣುಕಿನಲ್ಲಿ ಬರೆದು ಗುಂಡುಸೂಜಿಯಿಂದ ಚುಚ್ಚಿ ಸೇರಿಸಲಾಗಿದೆ. 1817ರ ಜನವರಿಯಿಂದ ಮಾರ್ಚ್‌ವರೆಗೆ, ಕೊನೆಯ ಕಾಯಿಲೆಯ ನಡುವೆ ಬರೆದ ‘ಸ್ಯಾಂಡಿಟನ್’ ಕೂಡ ಕೈಯಿಂದ ಮಾಡಿಕೊಂಡ ಇಂಥ ಪುಸ್ತಿಕೆಗಳಲ್ಲಿಯೇ ಇದೆ. ಎಂದರೆ ಚಿಕ್ಕ ಹಾಳೆಯ ಉಪಾಯ ಚಾಟನ್‌ಗೆ ಮೊದಲೇ ಇತ್ತು. ಆದರೂ ‘ದಿ ವಾಟ್ಸನ್ಸ್’ ನಿಂತುಹೋಯಿತು. ಅದಕ್ಕೆ ಬೇರೆ ಕಾರಣಗಳನ್ನೂ ಹೇಳಲಾಗಿದೆ: ನಾಯಕಿಯನ್ನು ತೀರ ಬಡತನದಲ್ಲಿ ಇರಿಸಿದ್ದು ಲೇಖಕಿಗೇ ತೊಡಕಾಯಿತೆಂಬುದು ಆಸ್ಟಿನ್-ಲೀ ಅವರ ಊಹೆ, ಕಥೆಯಲ್ಲಿ ಬರಬೇಕಿದ್ದ ತಂದೆಯ ಮರಣ ಮನೆಯಲ್ಲಿಯೇ ಘಟಿಸಿದ್ದನ್ನೂ ಮರೆಯುವಂತಿಲ್ಲ. ಏನೇ ಆದರೂ ಬರೆಯುವ ಜಾಣ್ಮೆಯೊಂದೇ ಕರಡನ್ನು ದಡ ಸೇರಿಸಲಾರದು ಎಂಬುದಕ್ಕೆ ಆ ಗುಂಡುಸೂಜಿಗಳಿಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಹಾಗಿದ್ದರೆ ಚಾಟನ್‌ನಲ್ಲಿ ಹೊಸದಾಗಿ ಬಂದುದೇನು? ಸ್ಥಿರವಾದ ಮನೆ, ಮತ್ತು ಮನೆವಾರ್ತೆಯ ಹಂಚಿಕೆ. ಅಣ್ಣನ ಮಗಳು ಕ್ಯಾರೊಲೈನ್ ಆಸ್ಟಿನ್‌ರ ನೆನಪುಗಳ ಪ್ರಕಾರ ಬೆಳಗಿನ ಉಪಾಹಾರ ಸಿದ್ಧಪಡಿಸುವುದು, ಚಹಾ-ಸಕ್ಕರೆಗಳ ಉಸ್ತುವಾರಿ ಜೇನ್ ಪಾಲಿಗೆ ಬಂದಿದ್ದವು. ಉಳಿದುದನ್ನೆಲ್ಲ ಅಕ್ಕ ಕಸ್ಸಾಂಡ್ರಾ ಮತ್ತು ಜೊತೆಯಲ್ಲಿದ್ದ ಗೆಳತಿ ಮಾರ್ಥಾ ಲಾಯ್ಡ್ ನೋಡಿಕೊಂಡರು. ಮಾರ್ಥಾ ಕೈಬರಹದಲ್ಲಿರುವ ಅಡುಗೆ ಹಾಗೂ ಔಷಧಗಳ ಪುಸ್ತಕ ಚಾಟನ್‌ನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಸಂಶೋಧಕರು ಅದನ್ನು ಸಾಮಾನ್ಯವಾಗಿ ಆ ಕಾಲದ ಊಟೋಪಚಾರದ ಮಾಹಿತಿಗಾಗಿ ತೆರೆಯುತ್ತಾರೆ. ‘ಎಮ್ಮಾ’ ಕಾದಂಬರಿ 1814ರ ಜನವರಿ 21ರಿಂದ 1815ರ ಮಾರ್ಚ್ 29ರೊಳಗೆ ಮುಗಿಯಲು ಸಾಧ್ಯವಾದದ್ದು ಹೇಗೆಂಬುದಕ್ಕೂ ಅದೊಂದು ದಾಖಲೆ. ಈ ದಿನಾಂಕಗಳನ್ನು ಬರೆದಿಟ್ಟವರೂ ಕಸ್ಸಾಂಡ್ರಾ ಅವರೇ. ಅಕ್ಕ ಊರಿನಲ್ಲಿಲ್ಲದ 1816ರ ಸೆಪ್ಟೆಂಬರಿನಲ್ಲಿ ಆಕೆಗೆ ಬರೆದ ಪತ್ರದಲ್ಲಿ ಜೇನ್, ತಲೆಯ ತುಂಬ ಮಾಂಸದಡುಗೆ, ಔಷಧಿಯ ಲೆಕ್ಕವಿರುವಾಗ ರಚನೆ ಅಸಾಧ್ಯವೆಂಬ ಅರ್ಥದ ಮಾತು ಹೇಳಿರುವುದು ಗಮನಾರ್ಹ. ಅತಿಥಿಗಳ ಮಾತಿನ ಸದ್ದಿಗಿಂತ, ಊಟದ ಹೊಣೆ ಯಾರದೆಂಬುದೇ ಆಕೆಯನ್ನು ಕಾಡಿದೆ.

ಈ ಅನುಭವ ಕೃತಿಯ ಒಳಗೆ ಬಂದ ಬಗೆಗೆ ‘ಪರ್ಸ್ಯುವೇಶನ್’ನ ಅಂತ್ಯ ಉತ್ತಮ ನಿದರ್ಶನ. ಪ್ರಕಟಿತ ಕಾದಂಬರಿಗಳ ಕರಡುಗಳಲ್ಲಿ ಉಳಿದಿರುವುದು ಇದರ ಕೊನೆಯ ಭಾಗವೊಂದೇ. ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. 1816ರ ಜುಲೈ 18ರಂದು ಮುಗಿಸಿದ ಮೊದಲ ರೂಪ ತೃಪ್ತಿ ತರದೆ ಲೇಖಕಿ ಅದನ್ನು ಮತ್ತೆ ಬರೆದರು. ಮೊದಲ ರೂಪದಲ್ಲಿ ಆನ್ ಮತ್ತು ವೆಂಟ್‌ವರ್ತ್ ಅಡ್ಮಿರಲ್ ಕ್ರಾಫ್ಟ್‌ನ ಬಿಡಾರದಲ್ಲಿ, ಆತನ ಒಂದು ಎಡವಟ್ಟು ಉಪಾಯದಿಂದಾಗಿ, ಏಕಾಂತದಲ್ಲಿ ಭೇಟಿಯಾಗುತ್ತಾರೆ. ತೊಡಕು ಸರಾಗವಾಗಿ ಬಿಡಿಸಿಕೊಳ್ಳುತ್ತದೆ, ಆದರೆ ಸಪ್ಪೆಯಾಗಿ. ತಿದ್ದಿದ ರೂಪದಲ್ಲಿ ಸನ್ನಿವೇಶ ಜನ ಬಂದುಹೋಗುವ ವಸತಿಗೃಹದ ಕೋಣೆಗೆ ಬರುತ್ತದೆ. ವೆಂಟ್‌ವರ್ತ್ ಬೇರೆ ಪತ್ರದ ನೆಪದಲ್ಲಿ, ಪಕ್ಕದ ಮಾತು ಕಿವಿಗೆ ಬೀಳುತ್ತಿರುವಾಗಲೇ, ತನ್ನ ಮನಸ್ಸನ್ನು ಬರೆಯುತ್ತಾನೆ. ನಡುವೆ ಲೇಖನಿ ಕೆಳಗೆ ಬೀಳುತ್ತದೆ. ಹೊರಟವನು ಕೈಗವಸು ಮರೆತ ನೆಪದಿಂದ ಹಿಂದಿರುಗಿ, ಚೆಲ್ಲಾಪಿಲ್ಲಿಯಾದ ಕಾಗದಗಳಡಿಯಿಂದ ಪತ್ರ ತೆಗೆದು ಆನ್ ಮುಂದಿಟ್ಟು ಹೋಗುತ್ತಾನೆ. ಮುಚ್ಚಿದ ಕೋಣೆಯಲ್ಲಿ ಸೊರಗಿದ ದೃಶ್ಯ ಗದ್ದಲದ ಕೋಣೆಯಲ್ಲಿ ಜೀವ ತಳೆಯಿತು. ಚಿಕ್ಕ ಹಾಳೆಯನ್ನು ಕಾಗದದಡಿ ಸರಿಸಬಲ್ಲವರಿಗಷ್ಟೇ ಹೊಳೆಯಬಹುದಾದ ತಿದ್ದುಪಡಿ ಇದು ಎಂದರೆ ಉತ್ಪ್ರೇಕ್ಷೆಯಾಗಬಹುದು. ಆದರೂ ಇಡೀ ಕಾದಂಬರಿಯ ಶಿಖರ ಅಲ್ಲಿದೆ.

ಈ ಹಿನ್ನೆಲೆಯಲ್ಲಿ ಕನ್ನಡದ ಲೇಖಕಿಯರನ್ನು ಮತ್ತೆ ಓದಬೇಕಾಗಿದೆ. 1953ರಲ್ಲಿ ‘ಅಪಸ್ವರ’ದಿಂದ ಆರಂಭಿಸಿದ ತ್ರಿವೇಣಿಯವರು 1963ರಲ್ಲಿ ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು. ಅದೇ 1963ರಲ್ಲಿ ‘ತುಂಗಭದ್ರಾ’ ಪ್ರಕಟವಾದಾಗ ಎಂ.ಕೆ. ಇಂದಿರಾ ಅವರಿಗೆ ನಲವತ್ತಾರು ವರ್ಷ. ಒಬ್ಬರ ಬರವಣಿಗೆ ನಿಂತದ್ದು, ಇನ್ನೊಬ್ಬರದು ತೊಡಗಿದ್ದು ಮನೆಯ ಕಾಲಗಣನೆಯಿಂದಲೇ ಎಂಬುದನ್ನು ಜೀವನವಿವರವಾಗಿ ದಾಖಲಿಸಿ ಮುಂದೆ ಹೋಗುವುದು ರೂಢಿ. ರೂಪದ ಪ್ರಶ್ನೆಯಾಗಿ ಅದನ್ನು ಎತ್ತಿದರೆ ಫಲ ಹೆಚ್ಚು. ಇಂದಿರಾ ಅವರ ‘ಫಣಿಯಮ್ಮ’ (1976) ತಾಯಿಯಿಂದ ಕೇಳಿದ ಹಿರಿಯ ವಿಧವೆಯೊಬ್ಬರ ಬದುಕು. ಅದರಲ್ಲಿ ಕಥೆ ನೇರವಾಗಿ ಸಾಗುವುದಿಲ್ಲ. ಮದುವೆ, ಬಾಣಂತನ, ನೆಂಟರ ಆಗಮನ ಬಂದಂತೆಲ್ಲ ಅದು ನಿಲ್ಲುತ್ತದೆ, ಅಲ್ಲಿಂದಲೇ ಇನ್ನೊಂದು ಎಳೆಯಾಗಿ ಹೊರಡುತ್ತದೆ. ಇದನ್ನು ಬಂಧದ ಶೈಥಿಲ್ಯವೆಂದು ಕರೆಯುವವರು, ಅಲ್ಲಿ ಹೆರಿಗೆಗೆಂದು ಕರೆ ಬಂದಾಗ ಫಣಿಯಮ್ಮ ಕೈಗೆಲಸ ಬಿಟ್ಟು ಏಳುವ ಭಾಗವನ್ನು ಇನ್ನೊಮ್ಮೆ ಓದಬೇಕು.