ಮುಂಬಯಿಗೆ ಬಂದ ಬಿಜಾಪುರದ ಗುಮ್ಮಟ

ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಬಿಜಾಪುರದವರ ಲೆಕ್ಕ ಯಾರೂ ಇಟ್ಟಿಲ್ಲ. ಆದರೆ ನಮ್ಮೂರಿನ ಗೋಲಗುಮ್ಮಟ ಈ ಊರಿಗೆ ಬಂದದ್ದಕ್ಕೆ ಲೆಕ್ಕ ಇದೆ. ಅದು ಎರಡು ಸಲ ಬಂದಿದೆ. ಒಮ್ಮೆ ವಿ.ಟಿ. ಸ್ಟೇಷನ್ನಿನ ಪಕ್ಕದ ಜನರಲ್ ಪೋಸ್ಟ್ ಆಫೀಸಿನ ನೆತ್ತಿಯ ಮೇಲೆ, ಇನ್ನೊಮ್ಮೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಒಳಗೆ. ಸ್ಟೇಷನ್ನಿನ ಹೆಸರು 1996ರಲ್ಲಿ, ಮ್ಯೂಸಿಯಮ್ಮಿನ ಹೆಸರು 1998ರಲ್ಲಿ ಬದಲಾಗಿ, ಎರಡೂ ಈಗ ಛತ್ರಪತಿ ಶಿವಾಜಿಯ ಹೆಸರಿನಲ್ಲಿವೆ. ನಮ್ಮ ಬಾಯಿಗೆ ಮಾತ್ರ ಇನ್ನೂ ಹಳೆಯ ರೂಢಿ.

ಬಿಜಾಪುರ ಆಗ ಮುಂಬಯಿ ಪ್ರಾಂತ್ಯದ್ದೇ ಊರು. 1956ರ ತನಕವೂ ನಮ್ಮ ಜಿಲ್ಲೆಯ ಕಾಗದಪತ್ರ ಹೋಗುತ್ತಿದ್ದದ್ದು ಮುಂಬಯಿಗೆ. ಅಲ್ಲಿಯ ಕಟ್ಟಡಗಳ ಫೋಟೋ, ನಕ್ಷೆಗಳನ್ನು ಸೇರಿಸಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರೆದ ದೊಡ್ಡ ಪುಸ್ತಕ 1866ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿತ್ತು. ಹೀಗಾಗಿ ಸರ್ಕಾರಿ ವಾಸ್ತುಶಿಲ್ಪಿಗಳಿಗೆ ಗೋಲಗುಮ್ಮಟ ಅಪರಿಚಿತವೇನಲ್ಲ. ಜಾನ್ ಬೆಗ್ ರೂಪಿಸಿದ ಪೋಸ್ಟ್ ಆಫೀಸಿನ ಕೆಲಸ 1904ರಲ್ಲಿ ಶುರುವಾಗಿ 1913ರಲ್ಲಿ ಮುಗಿಯಿತು. ಜಾರ್ಜ್ ವಿಟೆಟ್ ರೂಪಿಸಿದ ಮ್ಯೂಸಿಯಮ್ಮಿನ ಕಟ್ಟಡ 1914ಕ್ಕೆ ಎದ್ದು ನಿಂತಿತು. ಯುದ್ಧಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿದ್ದು, ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು 1922ರಲ್ಲಿ.

ಇಬ್ಬರೂ ಒಂದೇ ಮನೆಯಿಂದ ಸಾಲ ತಂದವರು. ಆದರೆ ತಂದದ್ದು ಬೇರೆ ಬೇರೆ. ಯಾರು ಏನು ತಂದರು ಅನ್ನುವುದು ತಿಳಿಯಬೇಕಾದರೆ ಮೂಲದ ಗುಮ್ಮಟ ಹೇಗೆ ನಿಂತಿದೆ ಅನ್ನುವುದನ್ನು ನೋಡಬೇಕು. ನಮ್ಮವರು ಅದನ್ನೇ ನೋಡುವುದಿಲ್ಲ, ನನ್ನ ತಕರಾರು ಇರುವುದು ಅಲ್ಲಿ.

ಯಾವ ಗುಮ್ಮಟವಾದರೂ ತನ್ನ ಬುಡವನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಕಟ್ಟುವವನ ತಲೆನೋವೆಲ್ಲ ಈ ತಳ್ಳಾಟವನ್ನು ತಡೆಯುವುದು ಹೇಗೆ ಅನ್ನುವುದೇ. ರೋಮಿನ ಪ್ಯಾಂಥಿಯನ್ನಿನಲ್ಲಿ ಸುಮಾರು 20 ಅಡಿ ದಪ್ಪದ ಗೋಡೆ ಎಬ್ಬಿಸಿ ತಡೆದರು. ಅದೇ ಊರಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟ ಬಿರುಕು ಬಿಟ್ಟಾಗ, 1740ರ ದಶಕದಲ್ಲಿ ಸುತ್ತಲೂ ಐದು ಕಬ್ಬಿಣದ ಪಟ್ಟಿಗಳನ್ನು ಬಿಗಿದರು. ಪೀಪಾಯಿಗೆ ಪಟ್ಟಿ ಹಾಕುತ್ತಾರಲ್ಲ, ಹಾಗೆ. ಬಿಜಾಪುರದವರು ಹುಡುಕಿದ ದಾರಿ ಮೂರನೆಯದು.

ಗೋಲಗುಮ್ಮಟ ಮಹಮ್ಮದ್ ಆದಿಲ್‌ಶಾಹನ ಗೋರಿ. ಅವನು ತೀರಿಕೊಂಡದ್ದು 1656ರಲ್ಲಿ. ಒಳಗಿನ ಹಜಾರ ಸುಮಾರು 135 ಅಡಿಯ ಚೌಕ; ನೆಲದ ವಿಸ್ತಾರ 18 ಸಾವಿರ ಚದರ ಅಡಿಗೂ ಹೆಚ್ಚು, ನಡುವೆ ಒಂದೇ ಒಂದು ಕಂಬವಿಲ್ಲ. ಗೋಡೆಗಳ ಮಗ್ಗುಲಿನಿಂದ ಎಂಟು ಕಮಾನುಗಳು ಎದ್ದು ಒಂದನ್ನೊಂದು ಹಾಯ್ದು ಹೋಗುತ್ತವೆ. ರಂಗೋಲಿಯಲ್ಲಿ ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಬರೆದರೆ ಎಂಟು ಮೂಲೆಯ ನಕ್ಷತ್ರ ಬರುತ್ತದಲ್ಲ, ಅದೇ ಲೆಕ್ಕ. ಆ ಕಮಾನುಗಳ ನಡುವಿನ ಕಟ್ಟಡ ಮೇಲೇರುತ್ತ ಒಳಕ್ಕೆ ಬಾಗಿ, 135 ಅಡಿಯ ಚೌಕವನ್ನು 97 ಅಡಿಯ ವೃತ್ತಕ್ಕೆ ತಂದು ನಿಲ್ಲಿಸುತ್ತದೆ. ಅದರ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗುಮ್ಮಟ, ಒಳವ್ಯಾಸ ಸುಮಾರು 124 ಅಡಿ.

ಈ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಕೆಳಗಿನ ಬಾಯಿ 97 ಅಡಿ, ಮೇಲಿನ ಗುಮ್ಮಟ 124 ಅಡಿ. ಅಂದರೆ ಗುಮ್ಮಟ ಆ ಬಾಯಿಯ ಅಂಚಿನ ಮೇಲೆ ಕೂತಿಲ್ಲ, ಹಿಂದೆ ಸರಿದು ಕೂತಿದೆ. ಅಂಚಿನ ಭಾಗ ಒಳಕ್ಕೆ ಜೋತುಬಿದ್ದಂತಿದೆ. ಹಾಗೆ ಜೋತುಬಿದ್ದ ಆ ಸಾವಿರಾರು ಮಣ ಭಾರ ಒಳಕ್ಕೆ ಎಳೆಯುತ್ತದೆ, ಗುಮ್ಮಟ ಹೊರಕ್ಕೆ ತಳ್ಳುತ್ತದೆ. ಎರಡೂ ಸರಿಗಟ್ಟುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫರ್ಗುಸನ್ ಕೊಟ್ಟ ವಿವರಣೆ ಇದು, ಇವತ್ತಿಗೂ ಇದನ್ನೇ ಹೇಳುತ್ತಾರೆ.

ಇನ್ನು ನಮ್ಮ ಜನಪ್ರಿಯ ಪಿಸುಗುಟ್ಟುವ ಗ್ಯಾಲರಿ. ಅದೇನು? ಹಿಂದೆ ಸರಿದು ಕೂತ ಗುಮ್ಮಟದ ಮುಂದೆ ಉಳಿದ ಜಗಲಿ ಅಷ್ಟೇ. ಭಾರದ ಲೆಕ್ಕ ಸರಿದೂಗಿಸಲು ಬಿಟ್ಟ ಜಾಗ ನಮಗೆ ಕೂಗಿ ಆಡುವ ಜಾಗವಾಯಿತು. ಶಾಲೆಯ ಪಾಠದಲ್ಲಿ ‘ಏಳು ಸಲ ಪ್ರತಿಧ್ವನಿ’, ಗೈಡುಗಳ ಬಾಯಲ್ಲಿ ಬೆಂಕಿಕಡ್ಡಿ ಗೀರುವ, ಕಾಗದ ಹರಿಯುವ ಚಮತ್ಕಾರ. ಜೊತೆಗೆ ‘ಜಗತ್ತಿನಲ್ಲೇ ಎರಡನೆಯದು’ ಅನ್ನುವ ಹೆಮ್ಮೆ. ಉಕ್ಕು, ಕಾಂಕ್ರೀಟಿನ ಕಾಲದಲ್ಲಿ ಆ ಲೆಕ್ಕ ಹಳತಾಗಿದೆ. ಹಳತಾಗದ ಹೆಮ್ಮೆ ಆ ಎಂಟು ಕಮಾನುಗಳಲ್ಲಿದೆ. ಅದನ್ನು ನಮಗೆ ಯಾರೂ ಕತ್ತೆತ್ತಿ ತೋರಿಸಲಿಲ್ಲ.

ಈಗ ಮುಂಬಯಿಯ ಸಾಲಗಾರರ ಕಡೆ ಬರೋಣ. ಪೋಸ್ಟ್ ಆಫೀಸು ತಂದದ್ದು ಹೊರಗಿನ ಆಕಾರ. ದೂರದಿಂದ ನೋಡಿದರೆ ನಮ್ಮ ಕಡೆಯವರಿಗೆ ಎದೆ ಜುಂ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಹತ್ತಿರ ಹೋದಂತೆ ಅದು ಕಳೆಯುತ್ತದೆ. ಬಿಜಾಪುರದಲ್ಲಿ ಬೋಳು ಕಪ್ಪು ಗೋಡೆ, ಅದರ ಮೇಲೆ ಗುಮ್ಮಟ, ಮೂಲೆಗೆ ನಾಲ್ಕು ಗೋಪುರ. ಬೇರೆ ಮಾತೇ ಇಲ್ಲ. ಇಲ್ಲಿ ಕಿಟಕಿ, ಕಮಾನು, ಕಿರುಗೋಪುರಗಳ ಗದ್ದಲದಲ್ಲಿ ಗುಮ್ಮಟವೂ ಒಂದು. ಅಲ್ಲಿ ಗುಮ್ಮಟವೇ ಕಟ್ಟಡ, ಇಲ್ಲಿ ಅದು ಕಟ್ಟಡಕ್ಕೆ ಸುತ್ತಿದ ಪೇಟ. ಸರ್ಕಾರಕ್ಕೆ ‘ನಾವೂ ಈ ದೇಶದವರೇ’ ಅಂತ ತೋರಿಸಿಕೊಳ್ಳಲು ಪೇಟ ಬೇಕಾಗಿತ್ತು, ಬೆಗ್ ಕೊಟ್ಟ.

ವಿಟೆಟ್ ಹಾಗಲ್ಲ. ಮ್ಯೂಸಿಯಮ್ಮಿನ ಹೊರಗುಮ್ಮಟಕ್ಕೆ ಗೋಲ್ಕೊಂಡದ ಮಾದರಿ ಹಿಡಿದ. ಬಿಜಾಪುರದಿಂದ ತಂದದ್ದು ಒಳಗಿನ ಕಮಾನುಗಳನ್ನು. ನಡುಹಜಾರದಲ್ಲಿ ನಿಂತು ಮೇಲೆ ನೋಡಿದರೆ ಅವೇ ಹಾಯ್ದು ಹೋಗುವ ಕಮಾನುಗಳು. ಹೊರಗಿನಿಂದ ಬಿಜಾಪುರದ ಸುಳಿವೂ ಇಲ್ಲ. ಸುತ್ತ ಮರಾಠಿ ವಾಡೆಯ ಮರದ ಕಂಬ, ಕಟಾಂಜನಗಳನ್ನೂ ಕೂಡಿಸಿದ್ದಾನೆ. ಬೆರಕೆ ಹೌದು, ಅತಿಯಾಯಿತು ಅನ್ನುವವರ ಜೊತೆ ನಾನು ಜಗಳಕ್ಕಿಲ್ಲ. ಆದರೆ ಸಾಲ ತಂದವರಲ್ಲಿ ಕಟ್ಟುವ ವಿದ್ಯೆಯ ಕಡೆ ಕಣ್ಣು ಹಾಯಿಸಿದವನು ಇವನೊಬ್ಬ.

ಊರಿನಿಂದ ಬಂದ ನಮ್ಮ ಮಾವನೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಜೀವನವೆಲ್ಲ ಗೌಂಡಿ ಕೆಲಸ ಮಾಡಿದವರು. ಮೂರ್ತಿ, ಚಿತ್ರ ಯಾವುದರ ಕಡೆಗೂ ಹೋಗದೆ ಹಜಾರದಲ್ಲೇ ಕತ್ತೆತ್ತಿ ನಿಂತರು. ‘ತಮ್ಮಾ, ಇದರ ಭಾರ ಎತ್ತಾಗ ಇಳೀತೈತಿ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, ‘ನಮ್ಮ ಗುಮ್ಮಟದಾಗಿನ ಕಮಾನ ಬೆವರಿಳಿಸಿ ದುಡೀತಾವ. ಇವಕ್ಕ ಅಷ್ಟು ದುಡಿಮಿ ಇಲ್ಲ’ ಅಂದರು. ಈ ಮ್ಯೂಸಿಯಮ್ಮಿನ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ವಿಟೆಟ್‌ನ ಗುಮ್ಮಟ ಚಿಕ್ಕದು. ಅವನ ಕಮಾನುಗಳು ಪಾಠವನ್ನು ಸರಿಯಾಗಿ ಒಪ್ಪಿಸುತ್ತವೆ, ಪರೀಕ್ಷೆಗೆ ಮಾತ್ರ ಕೂತಿಲ್ಲ.

ಇದು ಬರೀ ಕಲ್ಲುಗಾರೆಯ ಮಾತಾಗಿದ್ದರೆ ಈ ಪುಸ್ತಕಕ್ಕೆ ಬರೆಯುತ್ತಿರಲಿಲ್ಲ. ಹೊರನಾಡಿನಲ್ಲಿ ನಾವು ಊರಿನಿಂದ ಏನು ತರುತ್ತೇವೆ ಅನ್ನುವ ಪ್ರಶ್ನೆಯೂ ಇದೇ. ನವೆಂಬರ್ ಬಂತೆಂದರೆ ಬಾವುಟ, ಪೇಟ, ಶಾಲು, ಊರಿನಿಂದ ಬಂದ ಅತಿಥಿಗಳ ಭಾಷಣ. ದೂರದಿಂದ ಚೆಂದ ಕಾಣುತ್ತದೆ. ಇದೇ ಫೋರ್ಟಿನ ಸುತ್ತಮುತ್ತ ಹೋಟೆಲ್ ಹುಡುಗರು ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಗಳಲ್ಲಿ ಕೂತು ಮೆಟ್ರಿಕ್ ಪಾಸಾದರು. ಆ ರಾತ್ರಿಶಾಲೆಗಳು ಹೊರಗೆ ಕಾಣುತ್ತಿರಲಿಲ್ಲ, ಭಾರ ಹೊತ್ತವು ಅವೇ. ಅವು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮ ಸಮಾರಂಭಗಳೇನೂ ನಿಲ್ಲಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಕನ್ನಡ ಓದಲು ಬರುವ ಮಕ್ಕಳು ಎಷ್ಟಿದ್ದಾರೆ ಅಂತ ಕೇಳಿದರೆ ಸಭೆಯಲ್ಲಿ ಮೌನ.

ಒಳನಾಡಿನವರಿಗೆ ನನ್ನದೊಂದು ಕೋರಿಕೆ. 2014ರಿಂದ ಊರಿನ ಹೆಸರು ವಿಜಯಪುರವಾಗಿದೆ, ಆಗಲಿ. ಇನ್ನೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋದಾಗ ಮೇಲೆ ಹತ್ತಿ ಕೂಗಿಸುವ ಮೊದಲು ಹಜಾರದ ನಡುವೆ ಸುಮ್ಮನೆ ನಿಲ್ಲಿಸಿ, ಎಂಟು ಕಮಾನುಗಳನ್ನು ಬೆರಳಿಟ್ಟು ಎಣಿಸಲು ಹೇಳಿ. ನಮ್ಮ ಮಾವ ಕೇಳಿದ ಪ್ರಶ್ನೆಯನ್ನೇ ಕೇಳಿ. ಉತ್ತರ ಅಲ್ಲೇ ಅವರ ತಲೆಯ ಮೇಲಿದೆ.